ಉಗುರುಗೀಟು ಯಾವ ಕಡೆ

ಮನೆಗೆ ಬರುವ ಕೊರಿಯರ್ ಡಬ್ಬಿಗಳನ್ನು ನಾನು ಅಪ್ಪನ ಚಾಕುವಿನಿಂದಲೇ ಒಡೆಯುವುದು. ನನ್ನ ಹೆಂಡತಿ ಅಡುಗೆಮನೆಯ ಕತ್ತರಿ ತಂದು ಎರಡು ಕ್ಷಣದಲ್ಲಿ ಮುಗಿಸಬಲ್ಲ ಕೆಲಸಕ್ಕೆ ನಾನು ಮೇಜಿನ ಖಾನೆ ಎಳೆದು, ಕನ್ನಡಕ ಹುಡುಕಿ, ಚಾಕುವಿನ ಅಲಗನ್ನು ಹಿಡಿಯೊಳಗಿಂದ ಹೊರಗೆಳೆಯಲು ಹೆಣಗಿ, ಹೆಬ್ಬೆರಳಿನ ಉಗುರು ಅರ್ಧ ಕಿತ್ತುಕೊಂಡು, ಆಮೇಲೆ ಟೇಪಿಗೆ ಕೈಹಾಕುತ್ತೇನೆ. "ಒಳಗೆ ಹಾಲಿದ್ದಿದ್ರೆ ಇಷ್ಟೊತ್ತಿಗೆ ಮೊಸರಾಗಿರೋದು" ಎಂದು ಅವಳು ಹೇಳುವುದುಂಟು.

ಮೊನ್ನೆ ಒಂದು ಭಾನುವಾರ, ಕುಕ್ಕರಿನ ರಬ್ಬರು ಬಂದಿದ್ದ ಡಬ್ಬಿಯ ಮುಂದೆ ಕೂತಾಗ ಚಾಕು ಬಹಳ ಸಲೀಸಾಗಿ ತೆರೆದುಕೊಂಡಿತು. ನನಗೆ ಸಂತೋಷವಾಗಬೇಕಿತ್ತು. ಆದರೆ ತೆರೆದ ಅಲಗು ನಿಲ್ಲಲಿಲ್ಲ, ತಿರುಗಣಿ ಕಿತ್ತ ಬಾಗಿಲಿನ ಹಾಗೆ ಜೋಲಾಡಿತು. ಎಲ್ಲಕ್ಕಿಂತ ಹೆಚ್ಚಾಗಿ, ಅದು 'ಟಕ್' ಎನ್ನಲಿಲ್ಲ.

ಆ 'ಟಕ್' ಏನೆಂದು ಹೇಳದಿದ್ದರೆ ಮುಂದಿನ ಕಥೆ ನಿಮಗೆ ದಕ್ಕುವುದಿಲ್ಲ. ಮುಚ್ಚಿದರೆ ನಾಲ್ಕು ಬೆರಳಿನಷ್ಟು ಉದ್ದದ ಚಾಕು ಅದು. ಎರಡು ಮಗ್ಗುಲಿಗೂ ಕಪ್ಪು ಕೊಂಬಿನ ಪಟ್ಟಿ, ಒಳಗೆ ಹಿತ್ತಾಳೆ ತಗಡು, ನಡುವೆ ಮಲಗಿಕೊಳ್ಳುವ ಒಂದೇ ಅಲಗು. ಗುಂಡಿ ಇಲ್ಲ, ಬೀಗ ಇಲ್ಲ. ಅಲಗಿನ ಒಂದು ಮುಖದಲ್ಲಿ, ಬೆನ್ನಿನ ಹತ್ತಿರ, ಅಮಾವಾಸ್ಯೆ ಕಳೆದ ಚಂದ್ರನ ಹಾಗೆ ಒಂದು ಸಣ್ಣ ಗೀಟು. ಅದಕ್ಕೆ ಉಗುರು ಹೂಡಿ ಎಳೆಯಬೇಕು. ಅಲಗು ಅರ್ಧ ದಾರಿ ಬರುವವರೆಗೆ 'ಬರಲಾರೆ' ಎನ್ನುತ್ತದೆ, ಅರ್ಧ ದಾಟಿದ ಮೇಲೆ ತಾನಾಗಿಯೇ ಹೋಗಿ ನೆಟ್ಟಗೆ ನಿಂತು ಟಕ್ ಎನ್ನುತ್ತದೆ. ನಮ್ಮ ಮನೆಯಲ್ಲಿ ಆ ಸದ್ದಿನ ಅರ್ಥ ಒಂದೇ: ಊಟ ಮುಗಿಯಿತು, ಅಜ್ಜಿಗೆ ಅಡಿಕೆ ಬೇಕು.

ಅಜ್ಜಿ, ಎಂದರೆ ಅಪ್ಪನ ತಾಯಿ, ನಡುಮನೆಯ ಕಂಬಕ್ಕೆ ಒರಗಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದಳು. ಬಾಯಲ್ಲಿ ಉಳಿದಿದ್ದ ಹಲ್ಲಿಗೆ ಅಡಕತ್ತರಿಯ ಹೋಳು ಒಗ್ಗುತ್ತಿರಲಿಲ್ಲ, ತೆಳ್ಳಗೆ ಹೆರೆದುಕೊಡಬೇಕಿತ್ತು. ಅಪ್ಪ ಜೇಬಿನಿಂದ ಚಾಕು ತೆಗೆದು, ಗೋಡೆಯ ಕಡೆ ತಿರುಗಿ, ನಮಗೆ ಬೆನ್ನು ಮಾಡಿ ಅದನ್ನು ತೆರೆಯುತ್ತಿದ್ದ. ಮಕ್ಕಳ ಮುಖದ ಮುಂದೆ ಅಲಗು ಬಿಚ್ಚಬಾರದೆಂಬ ಎಚ್ಚರಿಕೆ ಎಂದು ನಾನು ತಿಳಿದಿದ್ದೆ. ಟಕ್. ಆಮೇಲೆ ಈಚೆ ತಿರುಗಿ, ಬಲಗೈಯಲ್ಲಿ ಚಾಕು ಹಿಡಿದು ಅಡಿಕೆ ಹೆರೆಯುತ್ತಿದ್ದ. ಹೊಲದಲ್ಲಿ ಎಲ್ಲ ಕೆಲಸಕ್ಕೂ ಸೈ ಎನಿಸಿಕೊಂಡವನಿಗೆ ಇದೊಂದು ಬರುತ್ತಿರಲಿಲ್ಲ. ಅಜ್ಜಿ ಪ್ರತಿದಿನ ಹೋಳನ್ನು ಬೆಳಕಿಗೆ ಹಿಡಿದು ನೋಡಿ, "ಇದೇನ್ ಅಡ್ಕೆನಾ, ಸೌದೆ ಸೀಳನಾ?" ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ.

ನಕ್ಕಿದ್ದು ನಿಜವೇ? ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಸಾಕ್ಷಿ ಕೇಳದೆ ಏನನ್ನೂ ನಂಬಬೇಡಿ ಎಂದು ತರಗತಿಯಲ್ಲಿ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡೆ. ಮನೆಗೆ ಬಂದು ನನ್ನ ನೆನಪುಗಳನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿಕೊಂಡು ಮಲಗುತ್ತಿದ್ದೆ. ಮೈಸೂರಿನಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುವ ಅಭ್ಯಾಸವಿದೆ, ಅದರಿಂದಲೂ ದೊಡ್ಡ ಉಪಕಾರವಾಗಿಲ್ಲ. ಅಪ್ಪ ತೀರಿಕೊಂಡ ಹನ್ನೊಂದನೇ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: 'ಅಪ್ಪನ ಚಾಕು ನನಗೆ.'

ಅವತ್ತು ನಡೆದದ್ದು ಅದಕ್ಕಿಂತ ಜಾಸ್ತಿ. ಕರ್ಮ ಮುಗಿದು, ನೆಂಟರು ಕೂತಿದ್ದಾಗ, ಅಪ್ಪನ ಪಂಚೆ ಯಾರಿಗೆ, ಟಾರ್ಚು ಯಾರಿಗೆ ಎಂದು ಮಾತು ನಡೆಯುತ್ತಿತ್ತು. ನನ್ನ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು, ಮೆತ್ತಗೆ ಕೇಳಿದಳು: "ಆ ಚಾಕ ನಾನ್ ಮಡಿಕಳ್ಳಾ?" ನಾನು ತಟ್ಟನೆ ಹೇಳಿದೆ: "ನಿಂಗ್ಯಾಕಕ್ಕ ಚಾಕು? ಮನೇಲಿ ಈಳಿಗೆಮಣೆ ಇಲ್ವಾ?" ಕೂತಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳೆಂದು ನನ್ನ ನೆನಪು. ಈ ನೆನಪಿಗೂ ಸಾಕ್ಷಿಯಿಲ್ಲ.

ಇರಲಿ. ಟಕ್ ಎನ್ನದ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಅಲ್ಲಿ ಸಂತೆಮಾಳದ ಹಿಂದಿನ ಓಣಿಯಲ್ಲಿ ಮಾದೇವಾಚಾರಿ ಎಂಬುವರು ಈಗಲೂ ಮಡಚುವ ಚಾಕು ಮಾಡುತ್ತಾರೆಂದು ಕೇಳಿದ್ದೆ. ಹೋಗಿ ನೋಡಿದರೆ ಕುಲುಮೆಯ ತುಂಬ ಕುಡುಗೋಲು, ಮಚ್ಚು, ಗುದ್ದಲಿ. ಆಚಾರಿಗೆ ನನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು. ಅವರ ಹೆಂಡತಿ ಸಾಕಮ್ಮ ಮೂಲೆಯಲ್ಲಿ ಉಜ್ಜುಚಕ್ರದ ಮುಂದೆ ಕೂತು ಕುಡುಗೋಲಿಗೆ ಹೊಳಪು ಕೊಡುತ್ತಿದ್ದರು. ನಾನು ಚಾಕು ಚಾಚಿದೆ. ಆಚಾರಿ ಕೈ ಹಿಂದಕ್ಕೆಳೆದುಕೊಂಡರು.

"ಕೆಳಗಿಡಿ ಸ್ವಾಮಿ. ಕೈಯಿಂದ ಕೈಗೆ ಕೊಡಬಾರ್ದು, ಜಗಳ ಆಯ್ತದೆ."

"ಕತ್ತಿ ಮಾಡೋ ನೀವೇ ಹೀಗಂದ್ರೆ?"

ಸಾಕಮ್ಮ ತಲೆಯೆತ್ತದೆ ಉತ್ತರ ಕೊಟ್ಟರು: "ದಿನಾ ಹತ್ತ್ ಜನುಕ್ಕೆ ಕೈಗ್ ಕೈ ಕೊಟ್ರೆ ಹತ್ತ್ ಜನದ ಜೊತೇಲೂ ಜಗಳವೇಯ. ನಂಗ್ ಇವ್ರೊಬ್ರ ಜೊತೆ ಆಡಿ ಆಡಿಯೇ ಸಾಕಾಗೋಯ್ತು."

ನಾನು ಚಾಕುವನ್ನು ನೆಲದ ಮೇಲಿಟ್ಟೆ. ಆಚಾರಿ ಎತ್ತಿಕೊಂಡು, ಹಿಡಿಯ ಹೊಟ್ಟೆಯನ್ನು ಉಗುರಿನಿಂದ ಕೆರೆದು, ಕೊಳೆ ತೆಗೆದು, ಬಿಸಿಲಿಗೆ ಹಿಡಿದರು. ಹಿತ್ತಾಳೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಮೂರು ಚುಕ್ಕಿಗಳಿದ್ದವು. ಅಷ್ಟು ವರ್ಷ ಇಟ್ಟುಕೊಂಡಿದ್ದ ನಾನು ಅವನ್ನು ನೋಡಿರಲಿಲ್ಲ.

"ನಮ್ಮಪ್ಪನ್ ಗುರ್ತು" ಎಂದರು. ಕಣ್ಣು ಸ್ವಲ್ಪ ದೊಡ್ಡದಾಯಿತು. "ಈ ಹಿತ್ತಾಳೆ ಯಾವ್ದೋ ಒಡ್ದ ತಂಬಿಗೇದು, ನೋಡಿ, ಇನ್ನೂವೆ ಒಸಿ ಬಾಗೇ ಅದೆ."

"ಈ ಕೊಂಬು..." ನಾನು ದನಿ ತಗ್ಗಿಸಿದೆ. ಬಂಡೀಪುರದ ಕಾಡು ಅಷ್ಟು ಹತ್ತಿರವಿದ್ದಾಗ ಕೊಂಬಿನ ಬಗ್ಗೆ ಗಟ್ಟಿಯಾಗಿ ಮಾತಾಡುವುದು ಕ್ಷೇಮವಲ್ಲ. "ಜಿಂಕೇದೇನಾದ್ರೂ?"

"ಎಮ್ಮೇದು ಕಣ್ ಸ್ವಾಮಿ! ಜಿಂಕೇದಾದ್ರೆ ನೀವೂ ಒಳಕ್ಕೆ, ನಾನೂ ಒಳಕ್ಕೆ."

"ಒಳ್ಳೇದೇ ಆಯ್ತದೆ, ಅಲ್ಲಾರ ಇವ್ರು ಹೊತ್ತೊತ್ತಿಗೆ ಊಟ ಮಾಡ್ತಾರ" ಎಂದರು ಸಾಕಮ್ಮ.

ಆಚಾರಿ ಅಲಗನ್ನು ಅತ್ತ ಇತ್ತ ಆಡಿಸಿದರು. ಬೆನ್ನಿನ ಸ್ಪ್ರಿಂಗು ಬಿರಿದಿದೆ, ಹೊಸದು ಹಾಕಬೇಕು, ಸಾಯಂಕಾಲದೊಳಗೆ ಆಗುತ್ತದೆ ಎಂದರು. ಆಮೇಲೆ, ಏನೋ ಸಾಧಾರಣ ವಿಷಯ ಕೇಳುವವರಂತೆ, "ನಿಮ್ಮಪ್ಪಾರು ಎಡಚರಾ?" ಎಂದರು.

"ಇಲ್ಲ" ಎಂದೆ. ನನ್ನ ಜೀವನದಲ್ಲಿ ಇಷ್ಟು ಖಚಿತವಾಗಿ ನಾನು ಉತ್ತರ ಕೊಟ್ಟದ್ದು ಕಡಿಮೆ.

"ಆಗಿದ್ರೆ ಇದು ಅವ್ರಿಗ್ ಮಾಡ್ದ ಚಾಕ ಅಲ್ಲ."

ಕಾರಣ ತೋರಿಸಿದರು. ಬಲಗೈಯವರು ಹಿಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಅಲಗು ಎಳೆಯುತ್ತಾರೆ. ಆದ್ದರಿಂದ ಉಗುರುಗೀಟು ಆ ಹೆಬ್ಬೆರಳಿಗೆ ಎದುರಾಗುವ ಮುಖದಲ್ಲಿರುತ್ತದೆ. ಎಡಚರಿಗೆ ಎಲ್ಲ ತಿರುವುಮುರುವು, ಗೀಟು ಅಲಗಿನ ಆಚೆ ಮುಖಕ್ಕೆ. ನಮ್ಮ ಚಾಕುವಿನ ಗೀಟು ಆಚೆ ಮುಖದಲ್ಲಿತ್ತು.

"ತಪ್ಪಿ ಹಾಕಿರಬಹುದಲ್ಲ?"

"ನಮ್ಮಪ್ಪ ಗಿರಾಕಿನ ಎದ್ರುಗೆ ಕೂರುಸ್ಕಂಡು, ಅವ್ರ ಉಗುರ್ ನೋಡಿ, ಆಮೇಲೇ ಗೀಟ್ ಹಾಕ್ತಿದ್ದಿದ್ದು. ಯಾರೋ ಎಡಚರು ಇಲ್ ಬಂದು ಕೂತಿದ್ರು. ಅದಂತೂ ನಿಜ."

ಮೊದಲು ನನಗಾದದ್ದು ಸಂತೋಷ. ಹೇಳಲು ನಾಚಿಕೆಯಿಲ್ಲ. ಒಂದು ಚಾಕು ತೆರೆಯಲು ಬಾರದ ಗಂಡಸು ಎಂದು ಅಷ್ಟು ವರ್ಷ ನನ್ನನ್ನು ನಾನು ಬೈದುಕೊಂಡಿದ್ದೆನಲ್ಲ, ತಪ್ಪು ನನ್ನದಲ್ಲ! ಹೆಂಡತಿಗೆ ಫೋನ್ ಮಾಡಬೇಕೆಂದು ಜೇಬಿಗೆ ಕೈಹಾಕಿದವನು ಅಲ್ಲೇ ನಿಂತೆ. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರಿದ್ದರು. ಅಕ್ಕ. ಅವಳ ಎಡಗೈ ಊಟದ ತಟ್ಟೆಯ ಹತ್ತಿರ ಬಂದರೆ ಅಜ್ಜಿಯ ಸೌಟು ಬೀಳುತ್ತಿತ್ತು. ಎಲೆಯಡಿಕೆ ಮುಟ್ಟಿದರಂತೂ ಕೇಳುವುದೇ ಬೇಡ. ಎಡಚಿ, ಎಡಚಿ ಎಂದು ಅವಳ ಹಿಂದೆ ಓಡುತ್ತಾ ಹಾಡಿದವನು ನಾನೇ.

ಹನ್ನೊಂದನೇ ದಿನ ಅವಳು ಕೇಳಿದ್ದು ತನ್ನ ಚಾಕುವನ್ನೇ.

ಅಷ್ಟರಲ್ಲಿ ಆಚಾರಿ ಹಿಡಿಯ ಮೊಳೆಗಳ ತಲೆ ಅರೆದು, ತೆಳ್ಳನೆಯ ಉಳಿಯಿಂದ ಹೊರಕ್ಕೆ ದೂಡಿ, ಚಾಕುವನ್ನು ಬಿಚ್ಚಿ ಗೋಣಿಯ ಮೇಲೆ ಹರಡಿದ್ದರು. ಅಲಗು, ಬಿರಿದ ಸ್ಪ್ರಿಂಗು, ಹಿತ್ತಾಳೆ ಅಂಟಿದ ಎರಡು ಕೊಂಬಿನ ಪಟ್ಟಿ, ಮೂರು ಮೊಳೆ. ಅಷ್ಟೇ. ಇಷ್ಟರಲ್ಲಿ ಆ ಸದ್ದು ಎಲ್ಲಿತ್ತು ಎಂದು ನಾನು ನೋಡುತ್ತಿದ್ದೆ.

"ಸ್ವಾಮಿ, ಅಲಗು ಈಗ ಆಚೆಗಿದೆ. ಈ ಕಡೆ ಮೈಗೂ ಒಂದ್ ಗೀಟು ಹಾಕ್ಬುಡ್ಲಾ? ನಿಮ್ ಬಲಗೈಗೆ ಸರೋಯ್ತದೆ. ಮೊಳೆ ಬಡುದ್ಮೇಲೆ ಆಗಾಕಿಲ್ಲ, ಅಷ್ಟೊಳಗೆ ಹೇಳಿ."

ಸಣ್ಣ ಗೀಟು. ಅದು ಬಿದ್ದರೆ ಚಾಕು ನಿಜವಾಗಿ ನನ್ನದಾಗುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಆಚಾರಿ ಕೆಲಸಕ್ಕೆ ಕೂತರು.

ಆ ಕೆಲಸವನ್ನು ನಾನು ಊಟ ಬಿಟ್ಟು ನೋಡಿದೆ. ಸಾಮಿಲ್ಲಿನ ಹಳೆಯ ಗರಗಸದ ಪಟ್ಟಿಯ ತುಂಡಿನ ಮೇಲೆ ಬಿರಿದ ಸ್ಪ್ರಿಂಗನ್ನಿಟ್ಟು ಸುತ್ತ ಗೀರಿದರು. ಕತ್ತರಿಸಿ, ತೂತು ಕೊರೆದು, ಅರದಿಂದ ಉಜ್ಜತೊಡಗಿದರು. ನಾಲ್ಕು ಸಲ ಉಜ್ಜುವುದು, ಜೋಡಿಸಿ ನೋಡುವುದು, ಮತ್ತೆ ಬಿಚ್ಚುವುದು. ಅಲಗು ತೆರೆದಿದ್ದಾಗಲೂ ಮುಚ್ಚಿದ್ದಾಗಲೂ ಸ್ಪ್ರಿಂಗಿನ ಬೆನ್ನು ಹಿಡಿಯ ಬೆನ್ನಿಗೆ ಸಮನಾಗಿರಬೇಕಂತೆ. ತೆರೆದಾಗ ಸರಿಮಾಡಿದರೆ ಮುಚ್ಚಿದಾಗ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಅದನ್ನು ತಗ್ಗಿಸಿದರೆ ಇದು ಕೆಡುತ್ತದೆ. ಆಚಾರಿ ಅಳತೆಯ ಸಾಧನ ಯಾವುದನ್ನೂ ಮುಟ್ಟಲಿಲ್ಲ, ಉಗುರನ್ನು ಬೆನ್ನಿನುದ್ದಕ್ಕೂ ಎಳೆದು, ಅದು ತಡೆಯುತ್ತದೆಯೇ ಎಂದು ನೋಡುತ್ತಿದ್ದರು.

ಆಮೇಲೆ ಬೆಂಕಿ. ಈಗ ತಿದಿಯಿಲ್ಲ, ಕರೆಂಟಿನ ಬ್ಲೋಯರು. ಸ್ಪ್ರಿಂಗು ಕೆಂಪಾದಾಗ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತದ ಹತ್ತಿರ ಹಿಡಿದರು. ಅಂಟಿಕೊಂಡಿತು. ಇನ್ನೂ ಕಾಯಿಸಿದರು. ಅಂಟಲಿಲ್ಲ, ಕಾವು ಸಾಕೆಂಬುದಕ್ಕೆ ಅದೇ ಗುರುತಂತೆ. ತಕ್ಷಣ ಹೊಂಗೆ ಎಣ್ಣೆಗೆ ಅದ್ದಿದರು. ಹೊಗೆಯಿಂದ ಕುಲುಮೆಯೆಲ್ಲ ತುಂಬಿ ಸಾಕಮ್ಮ ಸೆರಗು ಮೂಗಿಗೆ ಹಿಡಿದರು.

"ಈಗ ಬಿದ್ರೆ ಗಾಜಿನಂಗೆ ಒಡೆದೋಯ್ತದೆ" ಎನ್ನುತ್ತಾ ಆಚಾರಿ ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ಕಾದ ಕಬ್ಬಿಣದ ತುಂಡಿನ ಮೇಲಿಟ್ಟರು. ಬಿಳಿಯ ಉಕ್ಕಿನ ಮೇಲೆ ಬಣ್ಣಗಳು ನಡೆದುಕೊಂಡು ಬಂದವು. ಮೊದಲು ಒಣಹುಲ್ಲಿನ ಬಣ್ಣ. "ಅಲಗಾದ್ರೆ ಇಲ್ಲಿಗೇ ನಿಲ್ಲುಸ್ಬೇಕು." ಆಮೇಲೆ ಕಂದು, ಆಮೇಲೆ ನೇರಳೆ. ಅವರು ಇಕ್ಕಳ ಕೈಗೆತ್ತಿಕೊಂಡರು. ಇದ್ದಕ್ಕಿದ್ದಂತೆ ನವಿಲಿನ ಕತ್ತಿನ ನೀಲಿ ಬಂತು, ಇಕ್ಕಳದಿಂದ ಎತ್ತಿಬಿಟ್ಟರು. ಒಂದು ಉಸಿರು ತಡವಾಗಿದ್ದರೆ ಮೆತ್ತಗಾಗಿ ಹೋಗುತ್ತಿತ್ತಂತೆ, ಮೊದಲೇ ಎತ್ತಿದ್ದರೆ ಮುರಿಯುತ್ತಿತ್ತಂತೆ.

"ಇದಕ್ಕೊಂದು ಬೀಗ ಇಟ್ಟಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ ಅಲ್ವಾ? ಈಗಿನ ಚಾಕುಗಳಲ್ಲಿ ಇರುತ್ತಲ್ಲ."

"ಬೀಗ ಇದ್ರೆ ಕೈಗೆ ಭಯ ಇರದಿಲ್ಲ ಸ್ವಾಮಿ. ಇದು ಹಿಡ್ದಿರೋನ್ ಮ್ಯಾಲೆ ಅದೆ. ಅರ್ಧದಿಂದ ಆಚೆಗೋದ್ರೆ ತಾನೇ ತೆರ್ಕತದೆ, ಈಚೆಗಿದ್ರೆ ತಾನೇ ಮುಚ್ಕತದೆ. ಅರ್ಧದಲ್ಲಿ ನಿಂತ್ಕಂಡ್ರೆ ಬೆರಳ್ ಕಚ್ತದೆ."

ಅಂಗಳದಾಚೆ ಗೋಪಾಲಸ್ವಾಮಿ ಬೆಟ್ಟದ ತಲೆಗೆ ಮಂಜು ಕಟ್ಟಿತ್ತು. ಜೋಡಣೆಗೆ ಕೂತ ಆಚಾರಿ, "ನಿಮ್ ಬಸ್ ಟಿಕೀಟು ಐತಾ?" ಎಂದರು. ಕೊಟ್ಟೆ. ಅದನ್ನು ಮಡಚಿ ಅಲಗಿಗೂ ಹಿತ್ತಾಳೆಗೂ ನಡುವೆ ತೂರಿಸಿದರು. ಮೊಳೆ ಬಡಿದ ಮೇಲೆ ಕಾಗದ ಎಳೆದರೆ, ಅಲಗು ಆಡುವುದಕ್ಕೆ ಬೇಕಾದಷ್ಟೇ ಸಂದು ಉಳಿಯುತ್ತದಂತೆ. "ಮೊದ್ಲಿನ್ ಟಿಕೀಟು ದಪ್ಪ ಇರ್ತಿತ್ತು. ಇದು ಎಲ್ಡ್ ಮಡಿಕೆ ಬೇಕು." ಸುತ್ತಿಗೆ ಎತ್ತಿ ನನ್ನ ಕಡೆ ನೋಡಿದರು. "ಏನ್ ಹೇಳ್ತೀರಿ? ಗೀಟು?"

"ಬೇಡ" ಎಂದೆ. "ಅದು ನನ್ನ ಅಕ್ಕಂದು."

ಅಕ್ಕ ಇರುವುದು ತೆರಕಣಾಂಬಿಯಲ್ಲಿ, ಚಾಮರಾಜನಗರಕ್ಕೆ ಹಿಂದಿರುಗುವ ದಾರಿಯಲ್ಲೇ. ಬಸ್ಸಿನಲ್ಲಿ ಕೂತವನಿಗೆ ಎಲ್ಲ ಸ್ಪಷ್ಟವಾಗುತ್ತಾ ಹೋಯಿತು. ಅಪ್ಪ ಅಕ್ಕನನ್ನು ಗುಂಡ್ಲುಪೇಟೆ ಸಂತೆಗೆ ಕರೆದುಕೊಂಡು ಹೋದದ್ದು, ಕುಲುಮೆಯ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತದ್ದು, ಹಿರಿಯ ಆಚಾರಿ ಅವಳ ಪುಟ್ಟ ಉಗುರನ್ನು ನೋಡಿದ್ದು. ಆಮೇಲೆ ಅಜ್ಜಿಯ ಭಯಕ್ಕೆ ಚಾಕು ಅಪ್ಪನ ಜೇಬು ಸೇರಿದ್ದು. ಬಸ್ಸು ತೆರಕಣಾಂಬಿ ಮುಟ್ಟುವ ಹೊತ್ತಿಗೆ ಅಕ್ಕನ ಲಂಗಕ್ಕೆ ಬಣ್ಣ ಬಂದಿತ್ತು, ಹಸಿರು. ನಾನು ಆಗ ಹುಟ್ಟಿದ್ದೆನೋ ಇಲ್ಲವೋ ಎಂಬ ಪ್ರಶ್ನೆ ಬಸ್ಸಿಳಿದ ಮೇಲೆ ಹೊಳೆಯಿತು.

ಅಕ್ಕ ಜಗಲಿಯ ಮೇಲೆ ಅರಿಶಿನದ ರಾಶಿಯ ಮುಂದೆ ಕೂತು ತಾಯಿಗಡ್ಡೆಯಿಂದ ಅರಿಶಿನದ ಕೊಂಬು ಮುರಿಯುತ್ತಿದ್ದಳು. ಎರಡು ಕೈಯೂ ಮೊಣಕೈವರೆಗೆ ಹಳದಿ.

"ಏನ್ಲಾ, ಹೇಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯೆ? ಎಂಡ್ತಿ ಓಡ್ಸುದ್ಲಾ?"

ನಾನು ಚಾಕುವನ್ನು ಅವಳ ಮುಂದೆ ನೆಲದ ಮೇಲಿಟ್ಟೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೇಳಿದೆ. ಇದು ನಿನಗೆ ಮಾಡಿಸಿದ್ದೆಂದು ನನಗೆ ಗೊತ್ತಿರಲಿಲ್ಲ, ಅವತ್ತು ಈಳಿಗೆಮಣೆ ಎಂದು ನಗಾಡಿದ್ದು ತಪ್ಪು, ತಗೋ. ಸಂತೆಗೆ ಹೋದದ್ದು ನೆನಪಿದೆಯೇ ಎಂದೂ ಕೇಳಿದೆ. ಲಂಗದ ಬಣ್ಣ ಮಾತ್ರ ಪುಣ್ಯಕ್ಕೆ ಹೇಳಲಿಲ್ಲ.

ಅಕ್ಕ ಕೊಂಬು ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಾನ್ಯಾವತ್ಲಾ ಗುಂಡ್ಲುಪೇಟೆ ಸಂತೆಗೋಗಿದ್ದೆ? ಮದ್ವೆ ಆಗಗಂಟ ಈ ತೆರಕಣಾಂಬಿನೇ ನೋಡಿರ್ಲಿಲ್ಲ. ಅದು ಅಪ್ಪಂದೇ ಕಣ್ಲಾ."

"ಅಪ್ಪ ಎಡಚ ಅಲ್ವಲ್ಲ!"

"ಯಾರ್ಲಾ ನಿಂಗೇಳಿದ್ದು?"

ಅವಳು ಹೇಳಿದ್ದನ್ನು, ಅವಳ ಮಾತಿನಲ್ಲಿ ಆದಷ್ಟು ಹಾಗೇ, ಮನೆಗೆ ಬಂದ ಕೂಡಲೇ ಬರೆದಿಟ್ಟೆ. ಆದ್ದರಿಂದ ಇದಕ್ಕೊಂದು ಸಾಕ್ಷಿಯಿದೆ. ದಿನಾ ಮಧ್ಯಾಹ್ನ ಅವಳು ಹೊಲಕ್ಕೆ ಅಪ್ಪನ ಊಟ ಹೊರುತ್ತಿದ್ದಳು. ಉಂಡ ಮೇಲೆ ಅಪ್ಪ ಹೊಂಗೆಮರದ ಕೆಳಗೆ ಕೂತು ಅವಳಿಗೆ ಸೌತೆಕಾಯಿ ಹೆಚ್ಚಿಕೊಡುತ್ತಿದ್ದ. "ಎಡಗೈಲಿ ಕಣ್ಲಾ. ಕಾಗ್ದದಂಗೆ ಹೆರಿಯೋನು. ಆಚೆಕಡೆ ಬೆಳಕು ಕಾಣಬೇಕು, ಅಂಗೆ. ಕುಂಟೆ ಹಿಡಿಯದೂ ಎಡಗೈ, ಕಳೆ ಕೀಳದೂ ಎಡಗೈ. ಮನೆ ಬಾಗ್ಲು ದಾಟುದ್ರೆ ಬಲಗೈ." ಮೊದಲನೇ ಸಲ ಅವಳು ಬಾಯಿಬಿಟ್ಟು ನೋಡಿದಾಗ ಅಪ್ಪ ಹೇಳಿದ್ದು: "ಅಜ್ಜಿಗ್ ಹೇಳ್ಬ್ಯಾಡ ಕಣಮ್ಮಿ. ಸೌಟ್ ತಗತಾಳೆ." ಆಮೇಲೆ ಚಾಕುವನ್ನು ಅವಳ ಮುಂದಿಟ್ಟು ತೆರೆಯುವುದನ್ನು ಕಲಿಸಿದ.

ಗೋಡೆಯ ಕಡೆ ತಿರುಗಿದ ಆ ಬೆನ್ನು ನನ್ನ ಕಣ್ಣ ಮುಂದೆ ಬಂತು. ನಾಲ್ಕು ಎಕರೆ ಹೊಲ ಉಳುವ, ಇಬ್ಬರು ಮಕ್ಕಳ ತಂದೆ ತನ್ನ ತಾಯಿಗೆ ಕಾಣದ ಹಾಗೆ ಚಾಕು ತೆರೆಯುತ್ತಿದ್ದ. ಎಡಗೈಯಲ್ಲಿ ಹೆರೆದ ಅಡಿಕೆಯನ್ನು ತಾಯಿಗೆ ಕೊಡಬಾರದೆಂದು, ಬಾರದ ಬಲಗೈಯಲ್ಲಿ ಹೆರೆದು, ದಿನಾ ಬೈಸಿಕೊಳ್ಳುತ್ತಿದ್ದ.

"ಅವತ್ತು ನೀನು ಕೇಳಿದಾಗ ಇದನ್ನೇ ಹೇಳಬಹುದಿತ್ತಲ್ಲಕ್ಕ. ಎಲ್ಲರೂ ನಕ್ಕಾಗ."

"ಎಂಗ್ಲಾ ಹೇಳದು? ಅಜ್ಜಿ ಅಲ್ಲೇ ಕಂಬುಕ್ ಒರಿಕಂಡು ಕೂತಿರ್ಲಿಲ್ವಾ? ಮಗನ್ನ ಮಣ್ ಮಾಡಿ ಹನ್ನೊಂದ್ ದಿನ ಆಗಿತ್ತು. ಆವತ್ ಹೇಳದಾ, ನಿನ್ ಮಗ ನಿನ್ನ ಯಾಮಾರುಸ್ತಿದ್ದ ಅಂತ?"

ಹೌದು, ಅಜ್ಜಿ ಇದ್ದಳು. ನನ್ನ ಹನ್ನೊಂದನೇ ದಿನದಲ್ಲಿ ನೆಂಟರಿದ್ದರು, ನಗುವಿತ್ತು, ಪಂಚೆ, ಟಾರ್ಚು ಎಲ್ಲ ಇದ್ದವು. ಅಜ್ಜಿಯನ್ನು ಮಾತ್ರ ನಾನು ಮರೆತಿದ್ದೆ. ಅಕ್ಕ ಮರೆತಿರಲಿಲ್ಲ.

"ಅಜ್ಜಿಗೆ ಗೊತ್ತಿರಲಿಲ್ಲ ಅಂತೀಯಾ? ಹೆತ್ತವಳಲ್ವಾ?"

"ಯಾರ್ ಕಂಡರು. ಗೊತ್ತಿದ್ದೂ ಸೌದೆ ಸೀಳು ಅಂತಿದ್ಲೇನೋ." ಅಕ್ಕ ಇನ್ನೊಂದು ಕೊಂಬು ಮುರಿದಳು. "ಅಂಗಾದ್ರೆ ಭಾರೀ ಮುದ್ಕಿ."

ಸೆರಗಿಗೆ ಕೈ ಒರೆಸಿಕೊಂಡು ಚಾಕು ಎತ್ತಿಕೊಂಡಳು. ಹಳದಿಯ ಎಡ ಹೆಬ್ಬೆರಳು ಗೀಟನ್ನು ಹುಡುಕಲಿಲ್ಲ, ನೇರವಾಗಿ ಹೋಗಿ ಕೂತಿತು. ಟಕ್. ಮುಚ್ಚಿದಳು. ಮತ್ತೆ ತೆರೆದಳು. ಟಕ್. ಒಳಗಿಂದ ಭಾವ "ಏನಮ್ಮಿ ಅದು ಸದ್ದು?" ಎಂದು ಕೂಗಿದರು. ಅವಳು ಮತ್ತೊಮ್ಮೆ ಮುಚ್ಚಿ ತೆರೆದಳು. ನಾಲ್ಕೈದು ಸಲವಾದ ಮೇಲೆ ಮುಚ್ಚಿ ನನ್ನ ಎಡಗಡೆ ನೆಲದ ಮೇಲಿಟ್ಟಳು.

"ನೀನೂ ಎಡಗೈಲಿ ತಗ. ತೆಗಿ ನೋಡನ."

ತೆಗೆದುಕೊಂಡೆ. ಎಡ ಹೆಬ್ಬೆರಳಿನ ಉಗುರು ಹೂಡಿ ಎಳೆದೆ. ಅಲಗು ಅರ್ಧಕ್ಕೆ ಬಂದು ಹಿಂದಕ್ಕೆ ಹೋಗಿ ಮುಚ್ಚಿಕೊಂಡಿತು. ಇನ್ನೊಂದು ಸಲ. ಮತ್ತೆ ಅಷ್ಟೇ. ತಪ್ಪು ಗೀಟಿನದು ಎಂಬ ನನ್ನ ಬೆಳಗಿನ ಸಂತೋಷ ಅಲ್ಲಿಗೆ ಮುಗಿಯಿತು. ಮೂರನೇ ಸಲ ಅದು ಆಚಾರಿ ಹೇಳಿದಂತೆ ಬೆರಳನ್ನೇ ಕಚ್ಚಿತು. ಅಕ್ಕ ನಕ್ಕಳು. ಈ ಸಲ ನಾನು ಅವಳ ಮುಖವನ್ನು ನೋಡುತ್ತಿದ್ದೆ, ನಿಜವಾಗಿಯೇ ನಕ್ಕಳು. ಮುರಿದ ಅರಿಶಿನದ ಕೊಂಬೊಂದನ್ನು ನನ್ನ ಬೆರಳಿಗೆ ಒತ್ತಿ, "ಕೆಳಗಿಡು" ಎಂದಳು.

ಇಟ್ಟೆ. ಅವಳು ಚಾಕು ಎತ್ತಿ ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ಬಾಯಿದಾರ ಬಿಗಿದಳು.

"ನಿಂಗದು ಬರಾಕಿಲ್ಲ, ಬುಡು. ಏನಾರ ಕುಯ್ಯದು ಇದ್ರೆ ಇಲ್ಲಿಗೆ ತಗಂಬಾ."

ಹೋದ ವಾರ ಮನೆಗೆ ಒಂದು ಡಬ್ಬಿ ಬಂತು. ಹೆಂಡತಿ ಕತ್ತರಿ ತಂದಳು. ಇರಲಿ, ಒಡೆಯಬೇಡ ಎಂದು ಹೇಳಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ತೆರಕಣಾಂಬಿಯ ಬಸ್ಸು ಹತ್ತಿದೆ.